ಶೆಡ್ಡಿನಲ್ಲಿ ನಿಂತ ಗಾಡಿಗಳ ಲೆಕ್ಕ

ಗ್ಯಾರೇಜಿನಲ್ಲಿ ನಾಲ್ಕು ಕಾಸು ಉಳಿಯಬೇಕಾದರೆ ಮೆಕ್ಯಾನಿಕ್‌ಗಳ ಕೈ ಚುರುಕಾಗಬೇಕು ಎಂಬುದು ಸಾಮಾನ್ಯ ನಂಬಿಕೆ. ಅದಕ್ಕಾಗಿಯೇ ಮಾಲೀಕರು ಹೊಸ ಲಿಫ್ಟ್ ಹಾಕಿಸುತ್ತಾರೆ, ಇನ್ನೊಬ್ಬ ಹುಡುಗನನ್ನು ಸೇರಿಸಿಕೊಳ್ಳುತ್ತಾರೆ. ಆದರೆ ಒಂದು ಕಾರು ನಾಲ್ಕು ದಿನ ಶೆಡ್ಡಿನಲ್ಲಿದ್ದರೆ ಅದಕ್ಕೆ ಪಾನಾ ತಾಗಿದ್ದು ಎಷ್ಟು ಗಂಟೆ ಎಂಬುದನ್ನು ಜಾಬ್ ಕಾರ್ಡಿನಲ್ಲಿ ಬರೆದಿಡುವವರು ಕಡಿಮೆ. ಕ್ಲಚ್ ಕೆಲಸವನ್ನೇ ನೋಡೋಣ. ಪಳಗಿದ ಕೈಗೆ ಅದು ಒಂದು ದಿನದೊಳಗೆ ಮುಗಿಯುವಂಥದ್ದು. ಗೇರ್‌ಬಾಕ್ಸ್ ಇಳಿಸುತ್ತಾರೆ, ಪ್ಲೇಟ್ ಸವೆದಿರುವುದು ಮೊದಲೇ ಗೊತ್ತಿತ್ತು. ಇಳಿಸಿದ ಮೇಲೆ ನೋಡಿದರೆ ರಿಲೀಸ್ ಬೇರಿಂಗ್ ಗರಗರ ಅನ್ನುತ್ತಿದೆ, ಕ್ರ್ಯಾಂಕಿನ ಹಿಂಬದಿಯ ಆಯಿಲ್ ಸೀಲ್ ಜಿನುಗುತ್ತಿದೆ. ಪ್ಲೇಟ್ ಊರಿನ ಅಂಗಡಿಯಲ್ಲೇ ಸಿಕ್ಕಿತು, ಬೇರಿಂಗ್ ಬೆಂಗಳೂರಿನ ಜೆ.ಸಿ. ರಸ್ತೆಯಿಂದ ಬಸ್ಸಿನ ಪಾರ್ಸಲ್‌ನಲ್ಲಿ ಬರಬೇಕು. ಸೀಲ್ ಬದಲಿಸಲು ಗಿರಾಕಿ ಹೂಂ ಅನ್ನಬೇಕು, ಅವರು ಫೋನ್ ಎತ್ತುತ್ತಿಲ್ಲ. ಮೆಕ್ಯಾನಿಕ್ ಸುಮ್ಮನೆ ಕೂರಬಾರದೆಂದು ಅಷ್ಟರಲ್ಲಿ ಇನ್ನೊಂದು ಗಾಡಿ ಬಿಚ್ಚಿಸುತ್ತಾರೆ. ಅದೂ ಅರ್ಧಕ್ಕೆ ನಿಲ್ಲುತ್ತದೆ. ಮೂರನೆಯ ದಿನ ಬೇರಿಂಗ್ ಬಂದಾಗ ಬೋಲ್ಟ್ ಹಾಕಿಟ್ಟ ತಟ್ಟೆಯನ್ನು ಯಾರೋ ಸರಿಸಿರುತ್ತಾರೆ, ಹುಡುಕಾಟ ಶುರು. ಇಲ್ಲಿ ಕೈ ಎಲ್ಲೂ ನಿಧಾನವಾಗಿಲ್ಲ, ನಿಂತಿರುವುದು ಗಾಡಿ.

ಈ ನಿಲುಗಡೆಗೆ ಒಂದು ಸರಳ ಲೆಕ್ಕವಿದೆ. ಅಮೆರಿಕದ ಜಾನ್ ಲಿಟ್ಲ್ 1961ರಲ್ಲಿ ಗಣಿತದಿಂದ ಸಾಧಿಸಿ ತೋರಿಸಿದ ಸೂತ್ರ ಅದು: ಒಳಗಿರುವ ಸರಾಸರಿ ಗಾಡಿಗಳ ಸಂಖ್ಯೆಯನ್ನು ದಿನಕ್ಕೆ ಹೊರಹೋಗುವ ಸರಾಸರಿ ಸಂಖ್ಯೆಯಿಂದ ಭಾಗಿಸಿದರೆ ಒಂದು ಗಾಡಿ ಸರಾಸರಿ ಎಷ್ಟು ದಿನ ಒಳಗಿರುತ್ತದೆ ಎಂಬುದು ಸಿಗುತ್ತದೆ. ಶೆಡ್ಡಿನಲ್ಲಿ 18 ಗಾಡಿ, ದಿನಕ್ಕೆ 3 ಹೊರಗೆ ಎಂದಾದರೆ 6 ದಿನ. ಹೊರಹೋಗುವ ವೇಗ ಮೆಕ್ಯಾನಿಕ್‌ಗಳ ಕೈಗೆ ಮತ್ತು ಸಾಮಾನು ಬರುವುದಕ್ಕೆ ಕಟ್ಟುಬಿದ್ದಿರುವಾಗ ಒಳಗೆ 25 ಗಾಡಿ ತುಂಬಿದರೂ ದಿನಕ್ಕೆ 3 ಗಾಡಿಯೇ ಹೊರಗೆ ಹೋಗುವುದು. ಉದ್ದವಾಗುವುದು ಕಾಯುವ ಕಾಲವೊಂದೇ. ನಿಜ ಹೇಳಬೇಕೆಂದರೆ ದಿನಕ್ಕೆ ಮೂರು ಎಂಬುದೂ ಕಡಿಮೆಯಾಗುತ್ತದೆ. ಒಂದನ್ನು ಈಚೆ ತೆಗೆಯಲು ನಾಲ್ಕನ್ನು ತಳ್ಳಬೇಕು, "ನನ್ನ ಗಾಡಿ ಆಯ್ತಾ?" ಎಂಬ ಫೋನಿಗೆ ಉತ್ತರ ಕೊಡುತ್ತಲೇ ಮಾಲೀಕರ ಅರ್ಧ ದಿನ ಕಳೆಯುತ್ತದೆ. ಹಾಗಾಗಿ ಮೊದಲು ಕಟ್ಟಿಹಾಕಬೇಕಾದದ್ದು ಒಮ್ಮೆಗೆ ಬಿಚ್ಚುವ ಗಾಡಿಗಳ ಸಂಖ್ಯೆಯನ್ನು. ಸಾಮಾನು ಕೈಗೆ ಬರುವವರೆಗೆ, ಗಿರಾಕಿಯ ಒಪ್ಪಿಗೆ ಸಿಗುವವರೆಗೆ ಒಂದು ಬೋಲ್ಟನ್ನೂ ಸಡಿಲಿಸಬಾರದು. ಬಿಚ್ಚಿದ ಮೇಲಷ್ಟೇ ಕಾಣುವ ಕೆಲಸಗಳಿಗೆ, ಉದಾಹರಣೆಗೆ ಕ್ಲಚ್ಚಿಗೆ, ಬೇರಿಂಗ್ ಮತ್ತು ಸೀಲನ್ನೂ ಸೇರಿಸಿ ಮೊದಲೇ ಅಂದಾಜು ಹೇಳಿ, ಬಳಸದಿದ್ದರೆ ವಾಪಸ್ ಎಂಬ ಮಾತಿನ ಮೇಲೆ ಅಂಗಡಿಯಿಂದ ತರಿಸಿಟ್ಟುಕೊಳ್ಳಬೇಕು.

ಹಾಗಾದರೆ ಮನೆಬಾಗಿಲಿಗೆ ಬಂದ ಗಿರಾಕಿಯನ್ನು ವಾಪಸ್ ಕಳಿಸುವುದೇ, ಪಕ್ಕದ ಗ್ಯಾರೇಜಿಗೆ ಹೋಗಿಬಿಡುವುದಿಲ್ಲವೇ ಎಂದು ಕೇಳುವವರಿದ್ದಾರೆ. ಕೆಲವರು ಹೋಗುತ್ತಾರೆ, ಅದನ್ನು ಒಪ್ಪಲೇಬೇಕು. ಆದರೆ ಓಡುವ ಸ್ಥಿತಿಯಲ್ಲಿರುವ ಗಾಡಿ ನಮ್ಮ ಶೆಡ್ಡಿನಲ್ಲಿ ಧೂಳು ತಿನ್ನುತ್ತಾ ಕಾಯುವುದಕ್ಕೂ ಗಿರಾಕಿಯ ಮನೆಯಲ್ಲಿ ಕಾಯುವುದಕ್ಕೂ ವ್ಯತ್ಯಾಸವಿದೆ. ಟ್ಯಾಕ್ಸಿ, ಆಟೋ ಓಡಿಸುವವರಿಗಂತೂ ಆ ದಿನಗಳು ದುಡಿಮೆಯ ದಿನಗಳು. ಗುರುವಾರ ಬೆಳಿಗ್ಗೆ ತನ್ನಿ, ಸಂಜೆ ಒಯ್ಯಿರಿ ಎಂಬ ಮಾತು ಉಳಿಸಿಕೊಂಡರೆ ಅವರು ಬೇರೆ ಕಡೆ ನೋಡುವ ಅಗತ್ಯವಿಲ್ಲ. ಬಲ್ಬು, ಆಯಿಲ್, ಬ್ರೇಕ್ ಹೊಂದಿಸುವಂಥ ಅರ್ಧ ಗಂಟೆಯ ಕೆಲಸಗಳಿಗೆ ಒಂದು ಜಾಗ, ಒಬ್ಬ ಹುಡುಗ ಬೇರೆಯೇ ಇರಲಿ. ಕೆಟ್ಟು ನಿಂತು ಎಳೆಸಿಕೊಂಡು ಬಂದ ಗಾಡಿಗೆ ಈ ನಿಯಮ ಅನ್ವಯಿಸದು, ಅದಕ್ಕಾಗಿ ದಿನಾಲೂ ಸ್ವಲ್ಪ ಬಿಡುವು ಉಳಿಸಿಕೊಂಡಿರಬೇಕು. ಮೆಕ್ಯಾನಿಕ್ ಒಂದು ಗಂಟೆ ಕೈಕಟ್ಟಿ ಕೂತರೆ ಮಾಲೀಕರಿಗೆ ಹೊಟ್ಟೆಯುರಿ, ಸಹಜವೇ. ಆದರೆ ಎಲ್ಲರ ಪ್ರತಿ ಗಂಟೆಯೂ ಮೊದಲೇ ತುಂಬಿಹೋಗಿದ್ದರೆ ಒಂದು ಅನಿರೀಕ್ಷಿತ ಕೆಲಸ ಬಂದರೂ ಉಳಿದೆಲ್ಲ ಗಾಡಿಗಳ ದಿನ ತಪ್ಪುತ್ತದೆ.

ಗಾಡಿಯ ರೋಗ ಪತ್ತೆಹಚ್ಚುವ ಕೆಲಸದಲ್ಲಂತೂ ಅವಸರ ದುಬಾರಿ. 2020ರ ಏಪ್ರಿಲ್ 1ರಿಂದ ದೇಶದಲ್ಲಿ ಬಿಎಸ್-6 ಹೊಗೆ ಮಿತಿ ಜಾರಿಗೆ ಬಂದ ಮೇಲೆ ಹೊಸ ಬೈಕುಗಳಲ್ಲಿ ಕಾರ್ಬ್ಯುರೇಟರ್ ಬಹುಮಟ್ಟಿಗೆ ಮಾಯವಾಗಿ ಸೆನ್ಸರ್‌ಗಳು ಬಂದಿವೆ. ಸ್ಕ್ಯಾನರ್ ಹಚ್ಚಿದರೆ ಕೋಡ್ ಬರುತ್ತದೆ, ನಿಜ. ಆದರೆ ಕಾರೊಂದರಲ್ಲಿ ಪಿ0171 ಎಂದು ಬಂದರೆ ಅದು ಹೇಳುವುದು ಪೆಟ್ರೋಲಿಗೆ ಹೋಲಿಸಿದರೆ ಗಾಳಿ ಹೆಚ್ಚಾಗಿದೆ ಎಂದಷ್ಟೇ. ಬಿರುಕುಬಿಟ್ಟ ಒಂದು ರಬ್ಬರ್ ಪೈಪಿನಿಂದ ಗಾಳಿ ಒಳನುಗ್ಗುತ್ತಿರಬಹುದು, ಪೆಟ್ರೋಲ್ ಪಂಪು ಸೋತಿರಬಹುದು, ಗಾಳಿ ಅಳೆಯುವ ಸೆನ್ಸರ್ ಕೊಳೆಯಾಗಿರಬಹುದು. ಕೋಡ್ ನೋಡಿದ ಕೂಡಲೇ ಆಕ್ಸಿಜನ್ ಸೆನ್ಸರ್ ತಂದು ಹಾಕಿದರೆ ಗಿರಾಕಿಯ ದುಡ್ಡೂ ಹೋಗಿ, ಗಾಡಿ ವಾರದೊಳಗೆ ವಾಪಸ್ ಬಂದು ಮತ್ತೆ ಅದೇ ಜಾಗ ಹಿಡಿಯುತ್ತದೆ, ಈ ಬಾರಿ ಕೂಲಿಯಿಲ್ಲದೆ. ಪರೀಕ್ಷೆಗೆಂದೇ ಬೇರೆ ಶುಲ್ಕ ಕೇಳಲು ನಮ್ಮವರು ಯಾಕೋ ಸಂಕೋಚಪಡುತ್ತಾರೆ. ಡಾಕ್ಟರಿಗೆ ಆ ಸಂಕೋಚವಿಲ್ಲ.

ಇಷ್ಟೆಲ್ಲ ಅನುಭವಸ್ಥ ಮೇಸ್ತ್ರಿಗಳಿಗೆ ಗೊತ್ತಿಲ್ಲದ್ದೇನಲ್ಲ. ಗೊತ್ತಿದ್ದೂ ಶೆಡ್ಡು ತುಂಬಿಸುವುದಕ್ಕೆ ಕಾರಣ ಅಡ್ವಾನ್ಸ್. ಇವತ್ತು ಒಳಗೆ ಬಂದ ಗಾಡಿಯ ಅಡ್ವಾನ್ಸಿನಲ್ಲಿ ಮೊನ್ನೆ ಬಂದ ಗಾಡಿಯ ಸಾಮಾನು ತರುತ್ತಾರೆ, ಇವತ್ತಿನದಕ್ಕೆ ನಾಳೆ ಬರುವ ಗಾಡಿಯೇ ಗತಿ. ಗಾಡಿ ನಿಲ್ಲಿಸಿಕೊಳ್ಳುವುದನ್ನು ಬಿಟ್ಟರೆ ಮರುದಿನದ ಖರ್ಚಿಗೇ ದುಡ್ಡಿಲ್ಲ. ಈ ಸಾಲದ ಸರಪಳಿ ಕಳಚದೆ ಯಾವ ಸೂತ್ರವೂ ನಡೆಯದು, ಕಳಚುವುದೂ ಒಂದೇ ದಿನದಲ್ಲಿ ಆಗದು. ಹೊಸ ಗಾಡಿ ತೆಗೆದುಕೊಳ್ಳುವುದನ್ನು ಸ್ವಲ್ಪ ತಗ್ಗಿಸಿ, ಮುಗಿಯಲು ಒಂದೇ ಸಾಮಾನು ಬಾಕಿಯಿರುವ ಗಾಡಿಗಳನ್ನು ಮೊದಲು ಮುಗಿಸಿದರೆ ಪೂರ್ತಿ ಬಿಲ್ಲಿನ ಹಣ ಕೈಗೆ ಬರುತ್ತದೆ. ಅಲ್ಲಿಂದ ಮುಂದೆ ಒಂದು ಗಾಡಿಯ ಅಡ್ವಾನ್ಸನ್ನು ಅದೇ ಗಾಡಿಯ ಜಾಬ್ ಕಾರ್ಡಿನಲ್ಲಿ ಬರೆದು, ಅದರ ಸಾಮಾನಿಗೆ ಮಾತ್ರ ಖರ್ಚು ಮಾಡುತ್ತಾ ಬರಬೇಕು.