ನಂದಿಯ ಬಳ್ಳಿ, ನಾಸಿಕದ ನೊರೆ

ಹೂವಿನಹಡಗಲಿಯ ಮಲ್ಲಿಗೆಗೆ ಭೌಗೋಳಿಕ ಗುರುತು ಸಿಕ್ಕಿದೆ. ಬೇರೆ ಸೀಮೆಯ ಹೂವನ್ನು ಹಡಗಲಿ ಮಲ್ಲಿಗೆ ಎಂದು ಮಾರುವ ಹಾಗಿಲ್ಲ. ಫ್ರಾನ್ಸಿನ ಶಾಂಪೇನ್ ಸೀಮೆಯವರು ತಮ್ಮ ನೊರೆಯುಕ್ಕುವ ವೈನಿನ ವಿಷಯದಲ್ಲಿ ಇದೇ ಹಟವನ್ನು ಬಹಳ ಹಿಂದಿನಿಂದ ಹಿಡಿದಿದ್ದಾರೆ. ಅಲ್ಲಿನ ದ್ರಾಕ್ಷಿಯಿಂದ, ಅಲ್ಲಿಯೇ, ಅಲ್ಲಿನ ಕಟ್ಟುಪಾಡಿನಂತೆ ಆದದ್ದು ಮಾತ್ರ ಶಾಂಪೇನ್. ಉಳಿದದ್ದೆಲ್ಲ ಸ್ಪಾರ್ಕ್ಲಿಂಗ್ ವೈನ್. ಅಂಥ ಸೀಮೆಯ ಬೂಜಿ ಎಂಬ ಊರಿನ ಜಾರ್ಜ್ ವೆಸೆಲ್ ನಮ್ಮ ನಂದಿಬೆಟ್ಟದ ತಪ್ಪಲಲ್ಲಿ ದ್ರಾಕ್ಷಿ ಬೆಳೆಸಲು ನೆರವಾದರು ಎಂಬುದು ನನ್ನನ್ನು ಈ ವಿಷಯಕ್ಕೆ ಎಳೆದು ತಂದಿತು.

ವೆಸೆಲ್ ಹೆಸರಾಂತ ಮಮ್ ಶಾಂಪೇನ್ ಕಂಪನಿಯ ತಾಂತ್ರಿಕ ನಿರ್ದೇಶಕರಾಗಿದ್ದವರು. ವ್ಯಾಪಾರಕ್ಕೆಂದು ಫ್ರಾನ್ಸಿಗೆ ಹೋಗಿಬರುತ್ತಿದ್ದ ಕನ್ವಲ್ ಗ್ರೋವರ್ ಅವರ ಜೊತೆ ಸೇರಿ ಭಾರತದಲ್ಲಿ ವೈನಿಗೆ ಒಗ್ಗುವ ನೆಲ ಹುಡುಕಿದರು. 35 ಫ್ರೆಂಚ್ ತಳಿಗಳನ್ನು ಪರೀಕ್ಷೆಗೆ ಹಚ್ಚಿ, ಕೊನೆಗೆ ದೊಡ್ಡಬಳ್ಳಾಪುರದ ಹತ್ತಿರ ನಿಂತರು. 1988ರಲ್ಲಿ ಗ್ರೋವರ್ ವೈನ್‌ಯಾರ್ಡ್ಸ್ ಹುಟ್ಟಿತು. ಸುತ್ತಮುತ್ತ ಬೆಂಗಳೂರು ನೀಲಿ ದ್ರಾಕ್ಷಿ ತಲೆಮಾರುಗಳಿಂದ ಇತ್ತು. ಆದರೆ ಅದು ಹೆಚ್ಚಾಗಿ ತಿನ್ನಲು, ರಸಕ್ಕೆ, ಸಿಹಿ ಪೋರ್ಟ್ ವೈನಿಗೆ ಹೋಗುತ್ತಿತ್ತು.

ನೊರೆಯ ಕಸುಬೇ ಬೇರೆ. ದ್ರಾಕ್ಷಿಯ ಹುಳಿ ಆರುವ ಮೊದಲೇ ಗೊಂಚಲು ಕೊಯ್ಯಬೇಕು. ಸಪ್ಪೆಯಾಗಿ ತೋರುವ ಮೊದಲ ವೈನನ್ನು ಬಾಟಲಿಗೆ ತುಂಬಿ, ಸ್ವಲ್ಪ ಸಕ್ಕರೆ, ಯೀಸ್ಟ್ ಹಾಕಿ ಬಿಗಿಯಾಗಿ ಮುಚ್ಚುತ್ತಾರೆ. ಒಳಗೆ ಎರಡನೆಯ ಸಲ ಹುದುಗು ಎದ್ದು, ಹೊರಹೋಗಲು ದಾರಿಯಿಲ್ಲದ ಇಂಗಾಲದ ಡೈಆಕ್ಸೈಡ್ ವೈನಿನಲ್ಲೇ ಕರಗುತ್ತದೆ. ಒತ್ತಡ ಆರು ವಾಯುಭಾರದವರೆಗೆ ಏರುತ್ತದೆ. ಕೆಲಸ ಮುಗಿಸಿದ ಯೀಸ್ಟ್ ಸತ್ತು ಗಷ್ಟಾಗಿ ತಳಕ್ಕೆ ಕೂರುತ್ತದೆ. ಶಾಂಪೇನಿನಲ್ಲಿ ಬಾಟಲಿ ಕಟ್ಟಿದ ಮೇಲೆ ಕನಿಷ್ಠ 15 ತಿಂಗಳು ಕಾಯಲೇಬೇಕು. ಅದರ ಬ್ರೆಡ್ಡಿನಂಥ ಪರಿಮಳ ಈ ಗಷ್ಟಿನ ಸಹವಾಸದಿಂದಲೇ ಬರುವುದು.

ಆದರೆ ಗಷ್ಟು ತೆಗೆಯುವುದು ಹೇಗೆ? ಮುಚ್ಚಳ ತೆಗೆದರೆ ನೊರೆಯೂ ಹೋಯಿತು. ಇದಕ್ಕೆ ದಾರಿ ಕಂಡವರು ಬಾರ್ಬ್-ನಿಕೋಲ್ ಕ್ಲಿಕೊ. 1805ರಲ್ಲಿ, ಇಪ್ಪತ್ತೇಳರ ಹರೆಯದಲ್ಲಿ ಗಂಡನನ್ನು ಕಳೆದುಕೊಂಡ ಆಕೆ, ಹೆಂಗಸರು ವ್ಯಾಪಾರಕ್ಕಿಳಿಯದ ಕಾಲದಲ್ಲಿ ಮನೆತನದ ವೈನ್ ವಹಿವಾಟನ್ನು ಕೈಗೆತ್ತಿಕೊಂಡರು. ಮೇಜಿಗೆ ತೂತು ಕೊರೆಸಿ ಬಾಟಲಿಗಳನ್ನು ತಲೆಕೆಳಗಾಗಿ ನಿಲ್ಲಿಸಿದರೆಂಬುದು ಆ ಕಂಪನಿ ಹೇಳುತ್ತ ಬಂದ ಕಥೆ, ವರ್ಷ 1816. ದಿನವೂ ಬಾಟಲಿಯನ್ನು ಒಂದಿಷ್ಟು ತಿರುಗಿಸಿ, ಒಂದಿಷ್ಟು ಓರೆ ಮಾಡಿ, ವಾರಗಟ್ಟಲೆ ಹೀಗೆ ಮಾಡುತ್ತ ಗಷ್ಟನ್ನು ಕತ್ತಿನತ್ತ ಇಳಿಸಬೇಕು. ಪಳಗಿದ ಕೈ ದಿನಕ್ಕೆ ಹತ್ತಾರು ಸಾವಿರ ಬಾಟಲಿ ತಿರುಗಿಸುತ್ತಿತ್ತು. ಈಗ ಕತ್ತನ್ನಷ್ಟೇ ಹೆಪ್ಪುಗಟ್ಟಿಸಿ ಮುಚ್ಚಳ ತೆಗೆಯುತ್ತಾರೆ. ಗಷ್ಟು ಹಿಮದ ಬಿರಡೆಯಾಗಿ ಹಾರಿ ಬೀಳುತ್ತದೆ. ತಿರುಗಿಸುವ ಕೆಲಸವನ್ನೂ ಯಂತ್ರ ವಾರದೊಳಗೆ ಮುಗಿಸುತ್ತದೆ. ಆ ಕೈಗಳಿಗೆ ಕೆಲಸ ಕಡಿಮೆಯಾಗಿರುವುದು ನನಗೆ ನಷ್ಟವೆಂದೇ ಅನಿಸುತ್ತದೆ.

ಸ್ಪೇನಿನ ಕಾವಾ ಕೂಡ ಇದೇ ದಾರಿಯದು, ಕಾಯುವುದು ಒಂಬತ್ತು ತಿಂಗಳಿಂದ ಮೇಲೆ. ಇಟಲಿಯ ಪ್ರೊಸೆಕ್ಕೊ ಹೆಚ್ಚಾಗಿ ದೊಡ್ಡ ಉಕ್ಕಿನ ತೊಟ್ಟಿಯಲ್ಲಿ ನೊರೆ ಕಟ್ಟಿಕೊಳ್ಳುತ್ತದೆ. ಖರ್ಚು ಕಡಿಮೆ, ಹಣ್ಣಿನ ತಾಜಾತನ ಹೆಚ್ಚು. ಇಟಲಿಯದೇ ಲಂಬ್ರುಸ್ಕೊ ಹೆಚ್ಚಾಗಿ ಕೆಂಪು ಬಣ್ಣದ್ದು. ಮೊದಲ ಹುದುಗು ಮುಗಿಯುವ ಮುನ್ನವೇ ಬಾಟಲಿ ಕಟ್ಟುವ ಕ್ರಮ ಇವೆಲ್ಲಕ್ಕಿಂತ ಹಳೆಯದು. ದಕ್ಷಿಣ ಫ್ರಾನ್ಸಿನ ಲಿಮೂದವರು ತಮ್ಮ ನೊರೆಯನ್ನು 1531ರಿಂದ ಲೆಕ್ಕ ಹಾಕುತ್ತಾರೆ.

ಭಾರತದಲ್ಲಿ ಈ ಕಸುಬು 1980ರ ದಶಕದಲ್ಲಿ ಪುಣೆ ಜಿಲ್ಲೆಯ ನಾರಾಯಣಗಾಂವ್‌ನಲ್ಲಿ ಬೇರೂರಿತು. ಅಲ್ಲಿನ ವೈನ್ 'ಓಮರ್ ಖಯ್ಯಾಮ್' ಹೆಸರಿನಲ್ಲಿ ಯುರೋಪಿಗೂ ಹೋಯಿತು. ಆಮೇಲೆ ನಾಸಿಕ ಮುಂದೆ ಬಂತು. ಗ್ರೋವರ್ ಕಂಪನಿ 2012ರಲ್ಲಿ ಅಲ್ಲಿನ 'ಜಂಪಾ' ವೈನಿನ ಕಂಪನಿಯೊಡನೆ ಒಂದಾಯಿತು. ಆ ಮನೆಯ 'ಸ್ವಾರೆ' ಎಂಬ ನೊರೆಯ ವೈನ್ ನಾಸಿಕದ ದ್ರಾಕ್ಷಿಯದು. ಶಾಂಪೇನಿನವರ ಸಲಹೆಯಲ್ಲಿ ಬಳ್ಳಿ ಎದ್ದದ್ದು ನಮ್ಮಲ್ಲಿ, ನೊರೆ ಎದ್ದದ್ದು ಮಹಾರಾಷ್ಟ್ರದಲ್ಲಿ. ಇದರ ಬಗ್ಗೆ ನನಗೆ ಕೊರಗಿದೆ.

ಕರ್ನಾಟಕ 2007ರಲ್ಲೇ ವೈನ್ ನೀತಿ ತಂದಿತು, ವೈನ್ ಮಂಡಳಿ ಮಾಡಿತು. ಆದರೆ ನೊರೆಯ ವೈನಿನಲ್ಲಿ ಬಂಡವಾಳ ವರ್ಷಗಟ್ಟಲೆ ತಣ್ಣನೆಯ ನೆಲಮಾಳಿಗೆಯಲ್ಲಿ ಮಲಗಿರಬೇಕು. ಸಣ್ಣ ಬೆಳೆಗಾರನಿಗೆ ಅದು ಎಟುಕದು. 2008ರಲ್ಲಿ ದೇವನಹಳ್ಳಿಗೆ ವಿಮಾನ ನಿಲ್ದಾಣ ಬಂದ ಮೇಲೆ ನಂದಿಯ ಸುತ್ತ ನೆಲದ ಬೆಲೆಯೂ ಬಳ್ಳಿಗೆ ವೈರಿಯಾಯಿತು.

ಹಾಗಾಗಿ ಕಣ್ಣು ಉತ್ತರಕ್ಕೆ ಹೊರಳುತ್ತದೆ. ನಮ್ಮ ಕಡೆಯ ಕಾನಹೊಸಹಳ್ಳಿಯನ್ನು ಹಾದು ಹೋಗುವ ಹೆದ್ದಾರಿಯಲ್ಲೇ ಕೂಡ್ಲಿಗಿ, ಹೊಸಪೇಟೆ ದಾಟಿ ಕುಷ್ಟಗಿಯ ಕಡೆ ಹೋದರೆ, ಹನುಮಸಾಗರದ ಹತ್ತಿರ ಕೃಸ್ಮಾ ಎಸ್ಟೇಟ್‌ನವರು 'ಹಂಪಿ ಹಿಲ್ಸ್' ಹೆಸರಿನಲ್ಲಿ ಕ್ಯಾಬರ್ನೆ ಸೊವಿನ್ಯೋ ದ್ರಾಕ್ಷಿ ಬೆಳೆಯುತ್ತಾರೆ. ಬಯಲುಸೀಮೆಯ ನೆಲಕ್ಕೆ ವೈನ್ ಹೊಸದಲ್ಲ ಎಂದಾಯಿತು. ಮೆಕ್ಕೆಜೋಳ, ಶೇಂಗಾ, ಈರುಳ್ಳಿಯ ಬೆಲೆ ನೋಡುತ್ತ ಕೂರುವ ನಮ್ಮ ಕೂಡ್ಲಿಗಿ, ಕೊಟ್ಟೂರು ಕಡೆಯ ರೈತರ ಹೊಲದಲ್ಲೂ ಹುಳಿ ಉಳಿಸಿಕೊಳ್ಳುವ ತಳಿಯೊಂದು ಇದೆಯೇ ಎಂದು ನೋಡಬೇಕಲ್ಲ. ವೆಸೆಲ್ ಅವರಂತೆ 35 ತಳಿ ನೆಟ್ಟು, ಸುಗ್ಗಿಯಿಂದ ಸುಗ್ಗಿಗೆ ಕಾಯುವ ತಾಳ್ಮೆಯವರು ಈ ಹೆದ್ದಾರಿಯಲ್ಲಿ ಒಮ್ಮೆ ಇಳಿಯಲಿ ಎಂದು ಆಸೆಪಡುತ್ತೇನೆ.