ದೋಣಿಯ ಮೂತಿಯ ಮೋಟಾರು: ಘಟ್ಟದ ದಾರಿಯಲ್ಲಿ ಮತ್ತು ಅಲೆಯ ಮೇಲೆ



ಹುಲಿಕಲ್ಲಿನ ಘಟ್ಟದ ತಲೆಯಲ್ಲಿ ನಿಂತವನಿಗೆ ಎರಡು ಬಗೆಯ ನೀರು ಸಮೀಪದಲ್ಲಿರುತ್ತದೆ. ಬೆನ್ನ ಹಿಂದೆ, ಸಾಗರ ಹೊಸನಗರ ತೀರ್ಥಹಳ್ಳಿಗಳ ಸೀಮೆಯಲ್ಲಿ, ಅಣೆಕಟ್ಟುಗಳ ಹಿಂದೆ ಹರಡಿ ನಿಂತ ಸಿಹಿನೀರು; ಮುಂದೆ, ಬಾಳೆಬರೆಯ ತಿರುವುಗಳನ್ನಿಳಿದು ಹೊಸಂಗಡಿ ಸಿದ್ದಾಪುರಗಳನ್ನು ದಾಟಿದರೆ, ಕುಂದಾಪುರ ಗಂಗೊಳ್ಳಿಗಳ ಉಪ್ಪುನೀರು. ಮಾಣಿಯಲ್ಲಿ ತಡೆದು ನಿಲ್ಲಿಸಿದ ವಾರಾಹಿಯೇ ಕೊನೆಗೆ ಗಂಗೊಳ್ಳಿಯ ಅಳಿವೆಯಲ್ಲಿ ಸೌಪರ್ಣಿಕಾ ಮೊದಲಾದ ನದಿಗಳೊಡಗೂಡಿ ಕಡಲನ್ನು ಸೇರುತ್ತದೆ. ನೀರು ಘಟ್ಟವನ್ನು ತಾನಾಗಿಯೇ ಇಳಿಯುವುದು; ದೋಣಿಯನ್ನಾದರೋ ನಾವು ಗಾಡಿಯ ಮೇಲೆ ಹೇರಿಕೊಂಡು ಹತ್ತಿಸಬೇಕು, ಇಳಿಸಬೇಕು. ಹಾಗೆ ಒಯ್ಯುವ ದೋಣಿಯ ಮೂತಿಯಲ್ಲಿ ಒಂದು ಮೋಟಾರು ಇದ್ದರೆ ಅದನ್ನು ಕಾಪಾಡುವುದು ಹೇಗೆಂಬುದೇ ಈ ದಿನದ ಮಾತು. ವಿಷಯ ಕಿರಿದಾಗಿ ತೋರಬಹುದು. ಆದರೆ ನಡುನೀರಿನಲ್ಲಿ ಗಾಳಿಯೆದ್ದಾಗ ಈ ಕಿರಿದಾದ ವಿಷಯವೇ ಪ್ರಾಣದ ವಿಷಯವಾಗುವುದುಂಟು.

ದೋಣಿಯ ಮೋಟಾರೆಂದರೆ ನಮ್ಮ ಕರಾವಳಿಯವರ ಕಣ್ಣಿಗೆ ಕಟ್ಟುವುದು ನಾಡದೋಣಿಯ ಹಿಂತುದಿಯಲ್ಲಿ ತೂಗುಹಾಕಿರುವ, ಎಣ್ಣೆಯಿಂದ ನಡೆಯುವ ಯಂತ್ರ. ಅದು ದೋಣಿಯನ್ನು ಹಿಂದಿನಿಂದ ನೂಕುತ್ತದೆ. ನಾನು ಹೇಳಹೊರಟಿರುವುದು ಬೇರೊಂದು. ಅದು ಬ್ಯಾಟರಿಯಿಂದ ನಡೆಯುವ ಸದ್ದಿಲ್ಲದ ಮೋಟಾರು. ದೋಣಿಯ ಮೂತಿಯಲ್ಲಿ ನಿಂತು, ಎತ್ತು ಬಂಡಿಯನ್ನೆಳೆಯುವಂತೆ, ದೋಣಿಯನ್ನು ಮುಂದಿನಿಂದ ಎಳೆಯುತ್ತದೆ. ಗಾಳ ಹಾಕುವವರು ಮೀನನ್ನು ಬೆದರಿಸದೆ ಮೆಲ್ಲನೆ ಸರಿಯುವುದಕ್ಕೂ, ಗಾಳಿಯಲ್ಲಿ ಒಂದೆಡೆ ನಿಲ್ಲುವುದಕ್ಕೂ ಇದನ್ನು ಬಳಸುತ್ತಾರೆ. ಇಂಥ ವಿದ್ಯುತ್ ಮೋಟಾರನ್ನು ೧೯೩೪ರಲ್ಲಿ ಅಮೆರಿಕದ ಉತ್ತರ ಡಕೋಟಾ ಪ್ರಾಂತದ ಫಾರ್ಗೋ ಎಂಬ ಊರಿನಲ್ಲಿ ಓ. ಜಿ. ಸ್ಮಿಡ್ಟ್ ಎಂಬಾತನು, ಫೋರ್ಡ್ ಕಾರನ್ನು ಚಾಲೂ ಮಾಡುವ ಮೋಟಾರಿನಿಂದ ತಯಾರಿಸಿದನೆಂದು ಹೇಳುತ್ತಾರೆ.

ಇದರ ರಚನೆ ಸರಳ. ನೀರಿನಲ್ಲಿ ಮುಳುಗುವ ಮೋಟಾರು ಮತ್ತು ಅದರ ಪಂಕ. ಮೇಲೆ, ತಂತಿಗಳನ್ನೂ ಚಾಲನೆಯ ಕೀಲುಗಳನ್ನೂ ಒಳಗೊಂಡ ತಲೆ. ಇವೆರಡನ್ನೂ ಕೂಡಿಸುವ ಉದ್ದನೆಯ ದಂಡ. ದಂಡವನ್ನು ಹಿಡಿದಿರುವ ಪೀಠ. ಕೆಲಸ ಮುಗಿದಮೇಲೆ ದಂಡವನ್ನೆತ್ತಿ ದೋಣಿಯ ಮೇಲೆ ಮಲಗಿಸುತ್ತಾರೆ. ಪೀಠದ ಚಿಲಕ ಅದನ್ನು ಹಿಡಿದುಕೊಳ್ಳುತ್ತದೆ. ಒಟ್ಟು ತೂಕ ಸಾಮಾನ್ಯವಾಗಿ ೨೦ರಿಂದ ೪೦ ಕಿಲೋಗ್ರಾಮುಗಳವರೆಗೆ ಇರಬಹುದು. ತೊಂದರೆಯ ಬೀಜವಿರುವುದು ಇಲ್ಲಿಯೇ. ದಂಡವನ್ನು ಪೀಠ ಹಿಡಿದಿರುವುದು ಒಂದೆಡೆಯಲ್ಲಿ ಮಾತ್ರ. ತಲೆಯಾಗಲಿ, ಮೋಟಾರಾಗಲಿ, ಕೆಲವು ರಚನೆಗಳಲ್ಲಿ ಎರಡೂ ಆಗಲಿ, ಆಸರೆಯಿಲ್ಲದೆ ಗಾಳಿಯಲ್ಲಿ ಚಾಚಿಕೊಂಡಿರುತ್ತವೆ.

ಕೆಲವು ವರ್ಷಗಳ ಹಿಂದೆ ಮಿತ್ರರೊಬ್ಬರೂ ನಾನೂ ಇಂಥ ದೋಣಿಯೊಂದನ್ನು ಕುಂದಾಪುರದಿಂದ ಘಟ್ಟದ ಮೇಲಕ್ಕೆ ತಂದೆವು. ಮೋಟಾರನ್ನು ಮಾರಿದವರು, "ಚಿಲಕವಿದೆಯಲ್ಲ, ಬೇರೆ ಕಟ್ಟು ಏಕೆ?" ಎಂದಿದ್ದರು, ನಾವೂ ನಂಬಿದೆವು. ಆದರೆ ದೋಣಿಯನ್ನು ಗಾಡಿಗೇರಿಸಲು ಕೈಕೊಟ್ಟ ವೃದ್ಧ ಮೀನುಗಾರರೊಬ್ಬರು ಅದನ್ನು ಒಂದು ಸಲ ಅಲುಗಿಸಿ ನೋಡಿ, "ನೇತಾಡುವ ವಸ್ತು ಉಳಿಯುವುದಿಲ್ಲ ಮಾಷ್ಟ್ರೇ, ಅಡಿಗೊಂದು ಆಸರೆ ಕೊಡಿ" ಎಂದರು. ನಾನು ನಕ್ಕು ಸುಮ್ಮನಾದೆ. ಘಟ್ಟ ಹತ್ತಿ ಹುಲಿಕಲ್ಲಿನಲ್ಲಿ ಚಹಕ್ಕೆಂದು ನಿಂತು ನೋಡುತ್ತೇವೆ: ಚಿಲಕದ ಅಂಚು ಸವೆದಿದೆ, ಪೀಠದ ಎರಡು ನಟ್ಟುಗಳು ಬೆರಳಿನಿಂದಲೇ ತಿರುಗುತ್ತಿವೆ, ದಂಡ ಒಂದು ಕಡೆಗೆ ವಾಲಿದೆ. ದಾರಿಯಲ್ಲಿ ಯಾವ ದೊಡ್ಡ ಪೆಟ್ಟೂ ಬಿದ್ದಿರಲಿಲ್ಲ. ನನ್ನ ಅಂಗವಸ್ತ್ರವನ್ನು ಸಿಂಬಿ ಮಾಡಿ ದಂಡದಡಿಗಿಟ್ಟು, ತೆಂಗಿನ ನಾರಿನ ಹಗ್ಗದಿಂದ ಬಿಗಿದು ಊರು ಸೇರಿದೆವು. ಪಾಠ ಹೇಳುವವನಿಗೆ ಪಾಠವಾದುದು ಹೀಗೆ.

ದೊಡ್ಡ ಪೆಟ್ಟಿಲ್ಲದೆ ಕಬ್ಬಿಣ ಕೆಟ್ಟಿತು ಹೇಗೆ? ಹನಿಗೂಡಿದರೆ ಹಳ್ಳವೆನ್ನುವುದು ನೀರಿಗೆ ಮಾತ್ರ ಸಲ್ಲುವ ಮಾತಲ್ಲ. ೧೮೪೨ರಲ್ಲಿ ಫ್ರಾನ್ಸಿನ ವರ್ಸೈಲ್ಸಿನಿಂದ ಪ್ಯಾರಿಸಿಗೆ ಬರುತ್ತಿದ್ದ ರೈಲೊಂದು ಇಂಜಿನ್ನಿನ ಅಚ್ಚು ಮುರಿದು ಘೋರವಾದ ಅಪಘಾತಕ್ಕೀಡಾಯಿತು. ಗಟ್ಟಿಯಾದ ಅಚ್ಚು ಮಾಮೂಲು ಹೊರೆಯಲ್ಲಿಯೇ ಮುರಿಯುವುದೇಕೆ ಎಂಬುದನ್ನು ಮುಂದೆ ಪ್ರಷ್ಯಾದ ರೈಲ್ವೆ ಇಂಜಿನಿಯರಾದ ಔಗುಸ್ಟ್ ವೋಲರ್ ಎಂಬಾತನು ಬಹುಕಾಲ ಪ್ರಯೋಗ ಮಾಡಿ ತೋರಿಸಿದನು. ಒಂದೇ ಸಲಕ್ಕೆ ಲೋಹವನ್ನು ಮುರಿಯಲಾರದ ಹೊರೆ, ಲಕ್ಷಾಂತರ ಸಲ ಹಿಂದೆ ಮುಂದೆ ಬಗ್ಗಿಸಿದರೆ ಅದನ್ನು ಮುರಿದೇ ಬಿಡುತ್ತದೆ. ಇದಕ್ಕೆ ಲೋಹದ ದಣಿವೆಂದು ಹೆಸರು. ನಟ್ಟು ಸಡಿಲುವ ಬಗೆಯೂ ಇದೇ ಜಾತಿಯದು. ಅಡ್ಡಡ್ಡವಾಗಿ ನಡೆಯುವ ಸಣ್ಣ ಅಲುಗಾಟವೇ ಬಿಗಿದ ನಟ್ಟನ್ನು ತಾನಾಗಿ ತಿರುಗಿಸಿ ಸಡಿಲಿಸಬಲ್ಲುದೆಂದು ಜರ್ಮನಿಯ ಯುಂಕರನು ೧೯೬೯ರಲ್ಲಿ ಪ್ರತಿಪಾದಿಸಿದನು.

ಇದಕ್ಕೆ ಸನ್ನೆಗೋಲಿನ ನ್ಯಾಯವನ್ನು ಸೇರಿಸಿಕೊಳ್ಳಿ. ಪೀಠದಿಂದ ಒಂದು ಗಜ ದೂರದಲ್ಲಿರುವ ತೂಕ, ಅರ್ಧ ಗಜ ದೂರದಲ್ಲಿರುವ ಅಷ್ಟೇ ತೂಕಕ್ಕಿಂತ ಇಮ್ಮಡಿಯಾಗಿ ಪೀಠವನ್ನು ತಿರುಚುತ್ತದೆ. ಗಾಡಿ ಗುಂಡಿಗೆ ಬಿದ್ದೆದ್ದಾಗ ಚಾಚಿದ ತುದಿ ಮೇಲಕ್ಕೂ ಕೆಳಕ್ಕೂ ಕುಣಿದು, ತನ್ನ ತೂಕಕ್ಕಿಂತ ಹೆಚ್ಚಾದ ಬಲದಿಂದ ಚಿಲಕವನ್ನು ಜಗ್ಗುತ್ತದೆ. ಮಲೆನಾಡಿನ ರೈತನಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಗೊನೆ ಬಲಿತ ಬಾಳೆಗೆ ಅವನು ಕೋಲಿನ ಆಸರೆ ಕೊಡುವುದು ಬುಡದ ಬಳಿಯಲ್ಲಿ ಅಲ್ಲ, ಗೊನೆಯ ಭಾರ ತೂಗುವ ಕಡೆಯಲ್ಲಿ. ಮೋಟಾರಿಗೂ ಬೇಕಾದುದು ಇದೇ: ಒಂದೆಡೆ ಹಿಡಿದ ವಸ್ತುವನ್ನು ಎರಡೆಡೆ ಹಿಡಿಯುವುದು.

ಹಾಗಾದರೆ ಪ್ರಯಾಣಕ್ಕೆ ಮುಂಚೆ ಏನು ಮಾಡಬೇಕು? ಮೊದಲು, ಚಾಚಿದ ತುದಿಗೂ ದೋಣಿಯ ಹಲಗೆಗೂ ನಡುವೆ ಒಂದು ಆಸರೆಯನ್ನಿಡಬೇಕು. ಇದಕ್ಕಾಗಿಯೇ ಮಾಡಿದ ಕವಲುಗಳು ದೊರೆಯುತ್ತವೆ. ದೊರೆಯದಿದ್ದರೆ ಅಳತೆಗೆ ಕೊಯ್ದ ಮರದ ತುಂಡಿಗೆ ರಬ್ಬರು ಹೊದಿಸಿದರೂ ಸಾಕು. ಎರಡನೆಯದಾಗಿ, ಆಸರೆಯಿರುವ ಕಡೆಯಲ್ಲಿಯೇ ಅಗಲವಾದ ಪಟ್ಟಿಯಿಂದ ದಂಡವನ್ನು ಕೆಳಕ್ಕೆ ಬಿಗಿಯಬೇಕು. ಆಸರೆಯಿಲ್ಲದ ಕಡೆ ಬಿಗಿದರೆ ದಂಡ ಬಗ್ಗುವುದು. ತಂತಿಯ ಮೇಲೆ ಬಿಗಿದರೆ ತಂತಿ ಜಜ್ಜಿಹೋಗುವುದು. ಮೂರನೆಯದಾಗಿ, ಬ್ಯಾಟರಿಯ ಸಂಬಂಧವನ್ನು ತಪ್ಪಿಸಬೇಕು. ದಾರಿಯಲ್ಲಿ ಗುಂಡಿ ತಾನೇ ಒತ್ತಿಹೋಗಿ ಪಂಕ ತಿರುಗಿದರೆ ಹತ್ತಿರವಿದ್ದವರ ಕೈಗೆ ಅಪಾಯ. ನಾಲ್ಕನೆಯದಾಗಿ, ಪೀಠದ ಬೋಲ್ಟುಗಳ ಅಡಿಯಲ್ಲಿ ಅಗಲವಾದ ಲೋಹದ ಪಟ್ಟಿಯೂ, ಒಳಗೆ ನೈಲಾನು ಬಳೆಯಿರುವ ನಟ್ಟುಗಳೂ ಇರಲಿ. ಬಿಗಿದಮೇಲೆ ನಟ್ಟಿನಿಂದ ಬೋಲ್ಟಿನ ಮೇಲಕ್ಕೆ ಬಣ್ಣದಲ್ಲಿ ಒಂದು ಗೆರೆಯನ್ನೆಳೆಯಿರಿ. ಗೆರೆ ಮುರಿದಿದ್ದರೆ ನಟ್ಟು ತಿರುಗಿದೆಯೆಂದು ಕಣ್ಣೇ ಹೇಳುವುದು. ಘಟ್ಟದ ಬುಡದಲ್ಲೊಮ್ಮೆ ತಲೆಯಲ್ಲೊಮ್ಮೆ ಗಾಡಿ ನಿಲ್ಲಿಸಿ ಆ ಗೆರೆಯನ್ನು ನೋಡುವುದಕ್ಕೆ ಎರಡು ನಿಮಿಷ ಸಾಕು.

ಇನ್ನು ನೀರಿನ ವಿಚಾರ. ೧೯೬೪ರಲ್ಲಿ ಮುಗಿದ ಲಿಂಗನಮಕ್ಕಿಯ ಅಣೆಕಟ್ಟಿನ ಹಿನ್ನೀರು ನೋಟಕ್ಕೆ ಕೆರೆಯಂತಿದ್ದರೂ ಸ್ವಭಾವದಲ್ಲಿ ಕೆರೆಯಲ್ಲ. ಗಾಳಿ ತಡೆಯಿಲ್ಲದೆ ಎಷ್ಟು ದೂರ ಬೀಸಬಲ್ಲುದೋ ಅಷ್ಟಕ್ಕಷ್ಟೂ ಅಲೆ ಬೆಳೆಯುತ್ತದೆ; ವಿಶಾಲವಾದ ಹಿನ್ನೀರಿನಲ್ಲಿ ಏಳುವ ಅಲೆ ಕಡಲಿನ ಅಲೆಯಂತೆ ಉದ್ದವಾಗಿರದೆ ಗಿಡ್ಡವಾಗಿಯೂ ಕಡಿದಾಗಿಯೂ ಇರುತ್ತದೆ. ೨೦೨೫ರ ಜುಲೈಯಲ್ಲಿ ಅಂಬಾರಗೋಡ್ಲು ಕಳಸವಳ್ಳಿಗಳ ನಡುವಣ ಸೇತುವೆ ಬಳಕೆಗೆ ಬರುವವರೆಗೆ ಲಾಂಚನ್ನೇ ನಂಬಿ ದಾಟುತ್ತಿದ್ದ ತುಮರಿಯ ಕಡೆಯವರನ್ನು ಕೇಳಿದರೆ, ಮಳೆಗಾಲದ ಗಾಳಿಯಲ್ಲಿ ಆ ನೀರು ಹೇಗಿರುವುದೆಂದು ಹೇಳಿಯಾರು.

ಅಲೆಯಲ್ಲಿ ದೋಣಿ ಏತದ ಮರದಂತೆ ತೂಗುತ್ತದೆ. ನಡುವು ಅಲುಗುವುದು ಸ್ವಲ್ಪ, ತುದಿ ಅಲುಗುವುದು ಬಹಳ. ಆದುದರಿಂದ ಮೂತಿಯಲ್ಲಿರುವ ಮೋಟಾರಿಗೆ ಮೊದಲ ಪೆಟ್ಟೂ ದೊಡ್ಡ ಪೆಟ್ಟೂ ಮೀಸಲು. ಮೂತಿ ಮೇಲೆದ್ದಾಗ ಪಂಕ ನೀರಿನಿಂದ ಹೊರಬಂದು, ಹಿಡಿತವಿಲ್ಲದೆ ಬಿರ್ರನೆ ತಿರುಗಿ, ಮರುಕ್ಷಣ ನೀರಿಗೆ ಬಿದ್ದು ತಟ್ಟನೆ ತಡೆಯಲ್ಪಡುತ್ತದೆ. ಇದು ಪಂಕಕ್ಕೂ ದಂಡಕ್ಕೂ ಕೆಟ್ಟದ್ದು. ಅಲೆ ಸಾಧಾರಣವಾಗಿದ್ದರೆ ದಂಡವನ್ನು ಇನ್ನಷ್ಟು ಇಳಿಸಿ ಪಂಕ ಸದಾ ಮುಳುಗಿರುವಂತೆ ನೋಡಿಕೊಳ್ಳಬೇಕು. ತಿಳಿನೀರಿನಲ್ಲಿ ಒಂದಡಿ ಆಳ ಸಾಕಾದರೆ, ಅಲೆಯಲ್ಲಿ ಅದಕ್ಕಿಂತ ಹೆಚ್ಚು ಬೇಕು.

ಆದರೆ ನಮ್ಮ ಹಿನ್ನೀರುಗಳಲ್ಲಿ ಇದಕ್ಕೊಂದು ಪ್ರತಿಯುಂಟು. ಮುಳುಗಿದ ಕಾಡಿನ ಬೊಡ್ಡೆಗಳು ಅಲ್ಲಲ್ಲಿ ಇನ್ನೂ ನಿಂತಿವೆ. ಬೇಸಗೆಯಲ್ಲಿ ನೀರು ಬಹಳವಾಗಿ ಇಳಿದ ವರ್ಷಗಳಲ್ಲಿ ಮಡೆನೂರಿನ ಹಳೆಯ ಅಣೆಕಟ್ಟೇ ಮೇಲೆ ಕಾಣಿಸುತ್ತದೆ. ಆಗ ಆಳಕ್ಕಿಳಿಸಿದ ಮೋಟಾರು ಬೊಡ್ಡೆಗೆ ತಾಗಿ ದಂಡ ಬಾಗುವುದು. ಆದುದರಿಂದ ನೀರು ತುಂಬಿ ಗಾಳಿಯಿರುವಾಗ ದಂಡವನ್ನು ಇಳಿಸಿ; ನೀರು ಬತ್ತಿ ಬೊಡ್ಡೆಯಿರುವಾಗ ಏರಿಸಿ, ಮೆಲ್ಲಗೆ ನಡೆಸಿ.

ಹಿಂದಿನ ದೊಡ್ಡ ಯಂತ್ರದಿಂದ ವೇಗವಾಗಿ ಹೋಗುವುದಾದರೆ ಮೂತಿಯ ಮೋಟಾರನ್ನು ಮೊದಲೇ ಎತ್ತಿ, ರಸ್ತೆಯಲ್ಲಿ ಕಟ್ಟಿದಂತೆಯೇ ಆಸರೆ ಕೊಟ್ಟು ಕಟ್ಟಬೇಕು. ದೊಡ್ಡ ಅಲೆಗಳನ್ನು ವೇಗ ತಗ್ಗಿಸಿ, ಸ್ವಲ್ಪ ಓರೆಯಾಗಿ ಎದುರಿಸಿದರೆ ಮೂತಿ ಧೊಪ್ಪನೆ ಬೀಳದು. ಎಲ್ಲಕ್ಕಿಂತ ಮುಖ್ಯವಾದ ಮಾತೊಂದುಂಟು. ಈ ಕಟ್ಟುವ ಕೆಲಸವೆಲ್ಲ ಗಾಳಿ ಏಳುವ ಮುನ್ನವೇ ಮುಗಿದಿರಬೇಕು. ಕುಣಿಯುತ್ತಿರುವ ದೋಣಿಯ ಮೂತಿಗೆ ಹೋಗಿ, ಬಾಗಿ, ಕಳಚಿದ ಚಿಲಕವನ್ನು ಸರಿಪಡಿಸಹೊರಟವನು ನೀರಿಗೆ ಬೀಳುವುದು ಬಹು ಸುಲಭ. ಯಂತ್ರ ಹೋದರೆ ಹೋಗಲಿ. ಮೈಮೇಲೆ ತೇಲುವ ಅಂಗಿಯೂ, ದೋಣಿಯಲ್ಲಿ ಒಂದು ಜೊತೆ ಹುಟ್ಟೂ ಇರಲಿ. ಯಂತ್ರ ನಿಂತ ದೋಣಿ ಅಲೆಗೆ ಅಡ್ಡಲಾಗಿ ತಿರುಗುತ್ತದೆ. ಅಂಥ ದೋಣಿಯೇ ಮಗುಚುವುದು. ಹುಟ್ಟಿದ್ದರೆ ಮೂತಿಯನ್ನು ಅಲೆಗೆ ಎದುರಾಗಿಯಾದರೂ ಹಿಡಿಯಬಹುದು.

ಕಡೆಗೆ, ತೇವದ ಮಾತು. ವರ್ಷಕ್ಕೆ ೭೦೦೦ ಮಿಲಿಮೀಟರಿಗೂ ಮೇಲ್ಪಟ್ಟು ಮಳೆ ಸುರಿಯುವ ವರ್ಷಗಳನ್ನು ಕಂಡಿರುವ ಹುಲಿಕಲ್ಲಿನಲ್ಲಿ ಒದ್ದೆಯಾದ ಯಂತ್ರವನ್ನು ಚೀಲದಲ್ಲಿ ಕಟ್ಟಿಟ್ಟರೆ ತಂತಿಯ ಕೂಡುಗಳಿಗೆ ಕಿಲುಬು ಹಿಡಿಯುವುದು. ಒರೆಸಿ, ಗಾಳಿಯಾಡುವೆಡೆ ಇಡಿ. ಉಪ್ಪುನೀರಿನಲ್ಲಿ ಬಳಸಿದ್ದರೆ ಸಿಹಿನೀರಿನಿಂದ ತೊಳೆಯಿರಿ. ಪಂಕವನ್ನು ಬಿಚ್ಚಿ, ಗಾಳದ ದಾರವೇನಾದರೂ ಸುತ್ತಿಕೊಂಡಿದೆಯೇ ಎಂದು ನೋಡಿ. ಅದು ಒಳಗಿನ ಮುಚ್ಚಳಿಕೆಯನ್ನು ಕೊಯ್ದು ಮೋಟಾರಿಗೆ ನೀರು ಹೊಗಿಸುತ್ತದೆ.

ಆ ವೃದ್ಧರನ್ನು ನಾನು ಮತ್ತೊಮ್ಮೆ ಕಂಡಾಗ ನಡೆದುದನ್ನು ಹೇಳಿದೆ. ಅವರು ನಗಲಿಲ್ಲ. ತಮ್ಮ ದೋಣಿಯ ಯಂತ್ರದಿಂದ ದೋಣಿಯ ಅಡ್ಡಮರಕ್ಕೆ ಕಟ್ಟಿದ್ದ ಒಂದು ಹಗ್ಗವನ್ನು ತೋರಿಸಿದರು. ಹಿಡಿಕೆ ಸಡಿಲಿದರೂ ಯಂತ್ರ ನೀರುಪಾಲಾಗದಿರಲೆಂದು ಕಟ್ಟಿದ ಹಗ್ಗವದು. ಅಂದಿನಿಂದ ನಮ್ಮ ಮೋಟಾರಿಗೂ ಚಿಲಕ, ಆಸರೆ, ಪಟ್ಟಿಗಳ ಜೊತೆಗೆ ಅಂಥದೊಂದು ಹಗ್ಗವಿದೆ.