ಬೂಷ್ಟು ಹಿಡಿದರೂ ವಿಷವೇರದ ಶೇಂಗಾ

ಬದಲಾಪುರದಲ್ಲಿ ಮಳೆಗಾಲ ಹಿಡಿದರೆ ಹಗ್ಗದ ಮೇಲಿನ ಬಟ್ಟೆಯೇ ಒಣಗುವುದಿಲ್ಲ, ಇನ್ನು ಅಂಗಡಿಯ ಕಾಳುಕಡಿ ಗರಿಗರಿಯಾಗಿ ಇರುವುದೆಲ್ಲಿ ಬಂತು? ಸ್ಟೇಷನ್ ಬಳಿಯ ಯಾವುದೇ ಕಿರಾಣಿ ಅಂಗಡಿಯಲ್ಲಿ ಬಾಯಿ ಮಡಚಿಟ್ಟ ಚೀಲದಿಂದ ಒಂದು ಹಿಡಿ ಶೇಂಗಾ ತೆಗೆದು ನೋಡಿ. ದುಂಡನೆಯ ಕಾಳುಗಳ ನಡುವೆ ಸುಕ್ಕುಗಟ್ಟಿ ಕಪ್ಪಿಟ್ಟವು ನಾಲ್ಕಾರು ಸಿಕ್ಕೇ ಸಿಗುತ್ತವೆ. ಅಂಥದ್ದನ್ನು ಉಗುರಿನಿಂದ ಸೀಳಿದರೆ ಎರಡು ಬೇಳೆಗಳ ನಡುವೆ, ಮೊಳಕೆಯ ಸುತ್ತ, ಹಳದಿ-ಹಸಿರು ಪುಡಿ ಕಾಣಬಹುದು. ಆಸ್ಪರ್ಜಿಲಸ್ ಫ್ಲೇವಸ್ ಎಂಬ ಬೂಷ್ಟು ಅದು. ಉಪವಾಸದ ಸಾಬುದಾಣಿ ಖಿಚಡಿಗೂ ಪಂಚಮಿಯ ಉಂಡೆಗೂ ಸೊಲ್ಲಾಪುರದ ಚಟ್ನಿಪುಡಿಗೂ ಇಂಥ ಚೀಲದ ಕಾಳೇ ಆಗಬೇಕು.

ಬೂಷ್ಟು ಕಣ್ಣಿಗೆ ಬೀಳುತ್ತದೆ. ಅದು ಉಗುಳುವ ಅಫ್ಲಾಟಾಕ್ಸಿನ್ ಎಂಬ ವಿಷ ಮಾತ್ರ ಬೀಳುವುದಿಲ್ಲ. 1960ರಲ್ಲಿ ಇಂಗ್ಲೆಂಡಿನಲ್ಲಿ ಲಕ್ಷಕ್ಕೂ ಮಿಕ್ಕಿ ಟರ್ಕಿ ಕೋಳಿಗಳು ಸತ್ತಾಗ ಜಾಡು ಹಿಡಿದು ಹೋದವರಿಗೆ ಸಿಕ್ಕಿದ್ದು ಬ್ರೆಜಿಲ್‌ನಿಂದ ತರಿಸಿದ್ದ ಶೇಂಗಾ ಹಿಂಡಿ. ನಮ್ಮಲ್ಲಿ 1974ರಲ್ಲಿ ಗುಜರಾತಿನ ಪಂಚಮಹಲ್ ಮತ್ತು ರಾಜಸ್ಥಾನದ ಬಾಂಸವಾಡಾ ಜಿಲ್ಲೆಗಳಲ್ಲಿ ಅಕಾಲ ಮಳೆಗೆ ನೆನೆದ ಮೆಕ್ಕೆಜೋಳವನ್ನು ಬೇರೆ ಗತಿಯಿಲ್ಲದೆ ತಿಂದ ಬಡವರಿಗೆ ಕಾಮಾಲೆ ಬಂತು, ಹೊಟ್ಟೆಯಲ್ಲಿ ನೀರು ತುಂಬಿತು. ಸುಮಾರು 400 ಜನ ಹಾಸಿಗೆ ಹಿಡಿದರು, 106 ಮಂದಿ ತೀರಿಹೋದರು. ಅಫ್ಲಾಟಾಕ್ಸಿನ್ ಇಷ್ಟೊಂದು ಪ್ರಮಾಣದಲ್ಲಿ ಹೊಟ್ಟೆ ಸೇರುವುದು ಅಪರೂಪ. ಸಾಮಾನ್ಯವಾಗಿ ಅದು ಚೂರುಚೂರೇ ವರ್ಷಗಟ್ಟಲೆ ಸೇರುತ್ತ ಯಕೃತ್ತಿನ ಕ್ಯಾನ್ಸರಿಗೆ ದಾರಿ ಮಾಡುತ್ತದೆ. ಹೆಪಟೈಟಿಸ್ ಬಿ ಇದ್ದವರಿಗಂತೂ ಅಪಾಯ ಹಲವು ಪಟ್ಟು.

ಹುರಿದರೆ ಹೋಗುವುದಿಲ್ಲವೇ ಎಂದು ಕೇಳುವವರಿದ್ದಾರೆ. ಹುರಿದರೆ ಒಂದಿಷ್ಟು ಕಡಿಮೆಯಾಗುತ್ತದೆ, ಪೂರ್ತಿ ಹೋಗುವುದಿಲ್ಲ. ನವಿ ಮುಂಬಯಿಯ ವಾಶಿಯಲ್ಲಿ 2000ದಿಂದ ಮಸಾಲೆ ಪದಾರ್ಥಗಳಿಗೆ ಕೋಬಾಲ್ಟ್-60ರ ಗಾಮಾ ಕಿರಣ ಹಾಯಿಸುವ ಸರಕಾರಿ ಘಟಕವಿದೆ. ಆ ಕಿರಣಕ್ಕೆ ಬೂಷ್ಟು ಸಾಯುತ್ತದೆ, ಆದರೆ ಅದು ಸಾಯುವ ಮೊದಲೇ ಮಾಡಿಟ್ಟ ವಿಷ ಬಹುಪಾಲು ಹಾಗೇ ಉಳಿಯುತ್ತದೆ. ಕಾರ್ಖಾನೆಯ ರಿಫೈನ್ಡ್ ಎಣ್ಣೆಯಲ್ಲಿ ಕ್ಷಾರದ ಸಂಸ್ಕರಣೆ ನಡೆಯುವುದರಿಂದ ವಿಷ ಹೆಚ್ಚುಕಡಿಮೆ ತೊಲಗುತ್ತದೆ. ಈಗ ಎಲ್ಲರೂ ಹುಡುಕಿಕೊಂಡು ಹೋಗುವ ಗಾಣದ ಎಣ್ಣೆಗೆ ಆ ಸಂಸ್ಕರಣೆ ಇಲ್ಲ. ಅಲ್ಲಿ ಕಾಳು ಚೊಕ್ಕವಾಗಿದ್ದರಷ್ಟೇ ಎಣ್ಣೆಯೂ ಚೊಕ್ಕ.

ಹಾಗಾದರೆ ತಡೆಯಬೇಕಾದ್ದು ಹೊಲದಲ್ಲಿ. ಶೇಂಗಾ ಮಣ್ಣೊಳಗೆ ಕಾಯಿ ಕಟ್ಟುವ ಬೆಳೆ, ಈ ಬೂಷ್ಟೂ ಮಣ್ಣಿನದೇ. ಕೊಯ್ಲಿನ ಹಿಂದಿನ ತಿಂಗಳು ಮಳೆ ಕೈಕೊಟ್ಟರೆ ನೆಲ ಕಾದು ಕಾಯಿಯ ಸಿಪ್ಪೆ ಬಿರಿಯುತ್ತದೆ, ಬೂಷ್ಟು ಒಳಹೊಗುತ್ತದೆ. ಚಳ್ಳಕೆರೆ, ಪಾವಗಡದ ಕಡೆಯ ರೈತರಿಗೆ ಈ ಬಿಸಿಲನ್ನು ಬಿಡಿಸಿ ಹೇಳಬೇಕಿಲ್ಲ.

ಹೈದರಾಬಾದ್ ಹತ್ತಿರದ ಪಟಾನ್‌ಚೆರುವಿನಲ್ಲಿರುವ ಇಕ್ರಿಸ್ಯಾಟ್ ಕೃಷಿ ಸಂಶೋಧನಾ ಸಂಸ್ಥೆಯ ಕಿರಣ್ ಶರ್ಮಾ, ಪೂಜಾ ಭಟ್ನಾಗರ್-ಮಾಥುರ್ ಮತ್ತವರ ಸಂಗಡಿಗರು ಅಮೆರಿಕದ ವಿಜ್ಞಾನಿಗಳ ಜೊತೆ ಸೇರಿ 2017ರಲ್ಲಿ ಇದಕ್ಕೆ ಎರಡು ಉಪಾಯ ಮಾಡಿ ತೋರಿಸಿದರು. ಮೊದಲನೆಯದು, ದನದ ಮೇವಾದ ಕುದುರೆ ಮಸಾಲೆ ಸೊಪ್ಪು ಮತ್ತು ಅದರ ದಾಯಾದಿ ಸಸ್ಯದಲ್ಲಿರುವ, ಬೂಷ್ಟನ್ನು ಎದುರಿಸುವ ಡಿಫೆನ್ಸಿನ್ ಎಂಬ ಪ್ರೋಟೀನುಗಳ ವಂಶವಾಹಿಯನ್ನು ಶೇಂಗಾಕ್ಕೆ ಸೇರಿಸುವುದು. ಎರಡನೆಯದೇ ಸ್ವಾರಸ್ಯದ್ದು. ವಿಷ ತಯಾರಾಗಲು ಬೂಷ್ಟಿನೊಳಗೆ ಹತ್ತಾರು ವಂಶವಾಹಿಗಳು ಸರದಿಯಲ್ಲಿ ಕೆಲಸ ಮಾಡಬೇಕು. ಪ್ರತಿಯೊಂದೂ ಆರ್‌ಎನ್‌ಎ ರೂಪದಲ್ಲಿ ತನ್ನ ಆದೇಶ ಕಳಿಸುತ್ತದೆ. ಅವುಗಳಲ್ಲಿ ಎರಡರ ಆದೇಶಕ್ಕೆ ಸರಿಯಾಗಿ ಅಂಟಿಕೊಳ್ಳುವ ಆರ್‌ಎನ್‌ಎ ತುಣುಕುಗಳನ್ನು ಶೇಂಗಾ ಗಿಡವೇ ತಯಾರಿಸುವಂತೆ ಮಾಡಿದರು. ಬೂಷ್ಟು ಕಾಳನ್ನು ತಿನ್ನುವಾಗ ಈ ತುಣುಕುಗಳೂ ಅದರೊಳಗೆ ಹೋಗಿ ಆದೇಶವನ್ನು ಕತ್ತರಿಸಿಹಾಕುತ್ತವೆ. ಬೂಷ್ಟು ಬದುಕಿರುತ್ತದೆ, ವಿಷ ಮಾತ್ರ ಮಾಡಲಾರದು. ಮಾಮೂಲಿ ಕಾಳಿಗೆ ಬೂಷ್ಟು ಹಚ್ಚಿಟ್ಟರೆ ಕಿಲೋಗೆ ಸಾವಿರಗಟ್ಟಲೆ ಮೈಕ್ರೋಗ್ರಾಂ ವಿಷ ಕಂಡಿತು, ಮಾರ್ಪಡಿಸಿದ ಹಲವು ಗಿಡಗಳ ಕಾಳಿನಲ್ಲಿ 4 ಮೈಕ್ರೋಗ್ರಾಂ ಕೂಡ ದಾಟಲಿಲ್ಲ. ಯುರೋಪಿಯನ್ ಒಕ್ಕೂಟ ನೇರ ತಿನ್ನುವ ಶೇಂಗಾಕ್ಕೆ ಇಟ್ಟ ಮಿತಿಯೂ 4. ಅದೇ ವರ್ಷ ಅಮೆರಿಕದ ಅರಿಜೋನಾ ವಿಶ್ವವಿದ್ಯಾಲಯದ ಮೋನಿಕಾ ಸ್ಮಿಟ್ ತಂಡ ಮೆಕ್ಕೆಜೋಳದಲ್ಲಿ ಇದೇ ಕೆಲಸ ಸಾಧಿಸಿತು.

ಆದರೆ ಆ ಶೇಂಗಾ ಇನ್ನೂ ನಮ್ಮ ರೈತನ ಕೂರಿಗೆಗೆ ಬಂದಿಲ್ಲ. ಹೀಗೆ ವಂಶವಾಹಿ ಸೇರಿಸಿದ ಕುಲಾಂತರಿ ಬೆಳೆಗಳಿಗಿರುವ ವಿರೋಧ ಒಂದು ಕಾರಣ. ಬೇಸಾಯಕ್ಕೆ ನಮ್ಮಲ್ಲಿ ಪರವಾನಗಿ ಪಡೆದು ಹೊಲ ಹೊಕ್ಕಿದ್ದು 2002ರ ಬಿಟಿ ಹತ್ತಿಯೊಂದೇ. ಬಿಟಿ ಬದನೆಯ ಕತೆ ಈ ಭಾಗದ ಉಡುಪಿ ಮೂಲದವರಿಗೆ ನೆನಪಿದ್ದೀತು. ಧಾರವಾಡದ ಕೃಷಿ ವಿಶ್ವವಿದ್ಯಾಲಯ ಆ ಪ್ರಯೋಗಕ್ಕೆ ಒಡ್ಡಿದ ತಳಿಗಳಲ್ಲಿ ಉಡುಪಿ ಗುಳ್ಳವೂ ಇತ್ತು, ಗಲಾಟೆ ಜೋರಾಯಿತು, 2010ರ ಫೆಬ್ರುವರಿಯಲ್ಲಿ ಸಚಿವ ಜೈರಾಮ್ ರಮೇಶ್ ತಡೆ ಹಾಕಿದರು. ಕುಲಾಂತರಿ ಸಾಸಿವೆಯ ಮೇಲೆ 2024ರ ಜುಲೈಯಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳಾದ ಬಿ.ವಿ. ನಾಗರತ್ನ ಮತ್ತು ಸಂಜಯ್ ಕರೋಲ್ ಬೇರೆಬೇರೆ ತೀರ್ಪು ಕೊಟ್ಟರು. (ಇಲ್ಲೇ ಮುಂಬಯಿಯ ಟ್ರಾಂಬೆಯಲ್ಲಿ ಭಾಭಾ ಅಣು ಸಂಶೋಧನಾ ಕೇಂದ್ರ ಎಕ್ಸ್-ರೇ ಹಾಯಿಸಿ ವಂಶವಾಹಿ ಕಲಕಿ ಶೇಂಗಾ ತಳಿ ಬಿಡುಗಡೆ ಮಾಡಿದ್ದು 1973ರಲ್ಲಿ. ಅಲ್ಲಿಂದ ಬಂದ ಶೇಂಗಾ ತಳಿಗಳನ್ನು ನಾವು ದಶಕಗಳಿಂದ ತಿನ್ನುತ್ತಿದ್ದೇವೆ. ಅದರ ವಿರುದ್ಧ ಮೋರ್ಚಾ ಹೊರಟದ್ದನ್ನು ನಾನು ಕಂಡಿಲ್ಲ.)

ನನ್ನ ಮಟ್ಟಿಗೆ ದೊಡ್ಡ ತೊಡಕು ಬೇರೆಯೇ. ಬಿಟಿ ಹತ್ತಿ ಕಾಯಿಕೊರಕ ಹುಳುವಿನಿಂದ ರೈತನ ಜೇಬು ಉಳಿಸುತ್ತೇನೆ ಎಂದು ಬಂತು, ರೈತ ದುಡ್ಡು ಕೊಟ್ಟು ಬೀಜ ಕೊಂಡ. ವಿಷವೇರದ ಶೇಂಗಾ ಉಳಿಸುವುದು ತಿನ್ನುವವನ ಯಕೃತ್ತನ್ನು. ಬೆಳೆದವನಿಗೆ ಒಂದು ಚೀಲ ಹೆಚ್ಚು ಇಳುವರಿಯಿಲ್ಲ, ಒಂದು ರೂಪಾಯಿ ಹೆಚ್ಚು ದರವೂ ಇಲ್ಲ. ಮಾರುಕಟ್ಟೆಯಲ್ಲಿ ದಲಾಲ ನೋಡುವುದು ಕಾಳಿನ ಗಾತ್ರ, ಬಣ್ಣ, ತೇವ. ವಿಷದ ಲೆಕ್ಕ ಕೇಳುವುದು ಹಡಗು ಹತ್ತುವ ಸರಕಿಗೆ ಮಾತ್ರ. ಆರಿಸಿದ ಕಾಳು ಹೊರದೇಶಕ್ಕೆ ಹೋದರೆ ಉಳಿದದ್ದು ಎಣ್ಣೆ ಗಿರಣಿಗೆ, ಅಲ್ಲಿಂದ ಹಿಂಡಿಯಾಗಿ ದನದ ಬಾನಿಗೆ. ಬಾನಿಯಿಂದ ಮತ್ತೆ ನಮ್ಮ ಲೋಟಕ್ಕೆ: 2018ರ ರಾಷ್ಟ್ರೀಯ ಹಾಲು ಸಮೀಕ್ಷೆಯಲ್ಲಿ ಪರೀಕ್ಷಿಸಿದ 6,432 ಮಾದರಿಗಳ ಪೈಕಿ 368ರಲ್ಲಿ ಅಫ್ಲಾಟಾಕ್ಸಿನ್ ಮಿತಿ ಮೀರಿತ್ತು.

ಆದ್ದರಿಂದ ಕುಲಾಂತರಿ ಬೇಕೋ ಬೇಡವೋ ಎಂಬ ಜಗಳಕ್ಕಿಂತ ಮೊದಲು ಎಪಿಎಂಸಿಗಳಲ್ಲಿ ವಿಷದ ಪರೀಕ್ಷೆ ನಡೆಯಬೇಕು, ಚೊಕ್ಕ ಕಾಳಿಗೆ ನಾಲ್ಕು ಕಾಸು ಹೆಚ್ಚು ಸಿಗಬೇಕು. ಹಾಗಾದರೆ ಕಿತ್ತ ಗಿಡವನ್ನು ಕಾಯಿ ಮೇಲಾಗಿ ಬೋರಲು ಹಾಕಿ ಒಣಗಿಸುವ, ಸುಲಿಯುವ ಮುಂಚೆ ಕಾಳು ಒಡೆಯದಿರಲೆಂದು ನೀರು ಚಿಮುಕಿಸುವುದನ್ನು ಬಿಡುವ ರೈತನ ಶ್ರಮಕ್ಕೂ ಬೆಲೆ ಬಂದೀತು. ಪಟಾನ್‌ಚೆರುವಿನ ಬೀಜಕ್ಕೆ ಗಿರಾಕಿಯೂ ಹುಟ್ಟಿಯಾನು. ಪರೀಕ್ಷೆಯಿಲ್ಲದ ಪೇಟೆಯಲ್ಲಿ ಎಂಥ ಬೀಜ ತಂದರೂ ಅದನ್ನು ಕೇಳುವವರಿಲ್ಲ.

ಅಲ್ಲಿಯವರೆಗೆ ಮಳೆಗಾಲದಲ್ಲಿ ಶೇಂಗಾ ಸ್ವಲ್ಪಸ್ವಲ್ಪವೇ ತನ್ನಿ, ಗಾಳಿಯಾಡದ ಡಬ್ಬಿಯಲ್ಲಿಡಿ, ಹುರಿಯುವ ಮೊದಲು ಮೊರದಲ್ಲಿ ಹಾಕಿ ಸುಕ್ಕು ಕಾಳು, ಕಪ್ಪು ಕಾಳು ಆರಿಸಿ ತೆಗೆಯಿರಿ. ಬಾಯಿಗೆ ಕಹಿ ತಾಗಿದರೆ ಸಂಕೋಚವಿಲ್ಲದೆ ಉಗುಳಿ. ಆರಿಸಿ ತೆಗೆದದ್ದನ್ನು ತಿಪ್ಪೆಗೆ ಹಾಕಿ, ದಯವಿಟ್ಟು ದನಕ್ಕೆ ಹಾಕಬೇಡಿ.